ಶಾಲೆಯ ಸುದ್ದಿಪತ್ರ, ನೂರೆಂಟು ಕಾರ್ಯಕ್ರಮ: ಯಾವುದಕ್ಕೆ ಹೋಗುತ್ತೀರಿ, ಯಾವುದನ್ನು ಬಿಡುತ್ತೀರಿ?

ಹೊಸ ಶಾಲೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ಈ ವರ್ಷ ಮಕ್ಕಳಿಬ್ಬರನ್ನೂ ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸಿದ್ದೇವೆ. ಮಗಳು ಪ್ರೈಮರಿಯಲ್ಲಿ, ಮಗ ಮಿಡ್ಲ್ ಸ್ಕೂಲ್‌ನಲ್ಲಿ. ಪಾಠದ ಬಗ್ಗೆ ನನಗೇನೂ ದೂರಿಲ್ಲ. ನನ್ನ ಗೋಳು ಬೇರೆ. ಶಾಲೆಯಿಂದ ಬರುವ ಸುದ್ದಿ ಓದುವುದೇ ಒಂದು ಕೆಲಸವಾಗಿಬಿಟ್ಟಿದೆ.

ಶುಕ್ರವಾರ ಪ್ರಿನ್ಸಿಪಾಲರ ಸುದ್ದಿಪತ್ರ. ಭಾನುವಾರ ಕ್ಲಾಸ್ ಟೀಚರ್ ಇಮೇಲ್. ಮಗಳ ಫೋಟೋಗಳಿಗೆ ಒಂದು ಆ್ಯಪ್, ಮಗನ ಹೋಮ್‌ವರ್ಕ್‌ಗೆ ಇನ್ನೊಂದು. ಅದರ ಮೇಲೆ ಪೋಷಕರ ವಾಟ್ಸ್ಆ್ಯಪ್ ಗುಂಪು, ಬಸ್ಸಿನ ಗುಂಪು, ಈಜು ತಂಡದ ಗುಂಪು. ಈ ತಿಂಗಳಲ್ಲೇ ಕಾಫಿ ಮಾರ್ನಿಂಗ್ (ಪೋಷಕರು ಬೆಳಿಗ್ಗೆ ಶಾಲೆಯಲ್ಲಿ ಕಾಫಿಗೆ ಸೇರುವ ಕೂಟ), ಪಠ್ಯಕ್ರಮದ ಸಂಜೆ, ಪುಸ್ತಕ ವಾರ, ಕ್ರೀಡಾಕೂಟ, ಇಂಟರ್‌ನ್ಯಾಷನಲ್ ಡೇ ತಯಾರಿ ಸಭೆ. ಎಲ್ಲದಕ್ಕೂ ಹೋದರೆ ಕೆಲಸ ಬಿಡಬೇಕು. ಹೋಗದಿದ್ದರೆ ಸಂಜೆ ಮಗಳ ಮುಖ ನೋಡುವ ಹಾಗಿಲ್ಲ.

ಇದರಲ್ಲಿ ಯಾವುದು ನಿಜವಾಗಿ ಬೇಕು, ಯಾವುದನ್ನು ಸುಮ್ನೆ ಬಿಡಬಹುದು? ಅನುಭವ ಇದ್ದವರು ಹೇಳಿ.

ಊರೂರು ಸುತ್ತಿದವರು

ಕೆಲಸದ ಮೇಲೆ ದೇಶ ಬದಲಾಯಿಸುತ್ತಾ ಹಲವು ಶಾಲೆ ನೋಡಿದ್ದೇವೆ. ಎಲ್ಲ ಕಡೆಯೂ ಇದೇ ಗದ್ದಲ. ಹೆಸರು ಮಾತ್ರ ಬೇರೆ.

ನಮ್ಮ ಮನೆಯಲ್ಲಿ ನೋಡುವುದು ಒಂದೇ: ಈ ಕಾರ್ಯಕ್ರಮದಲ್ಲಿ ನಮ್ಮ ಮಗುವಿಗೆ ಏನಾದರೂ ಪಾತ್ರ ಇದೆಯಾ? ಅಥವಾ ಅಲ್ಲಿ ಹೇಳುವುದು ಬೇರೆ ಕಡೆ ಸಿಗುವುದೇ ಇಲ್ಲವಾ? ಎರಡೂ ಇಲ್ಲ ಅಂದರೆ ಬಿಡುತ್ತೇವೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ವರ್ಷದ ಆರಂಭದ ಪಠ್ಯಕ್ರಮದ ಸಂಜೆಗೆ ಹೋಗಲೇಬೇಕು. ನಾವು ಓದಿದ ರೀತಿಗೂ ಇವರು ಕಲಿಸುವ ರೀತಿಗೂ ಸಂಬಂಧವೇ ಇರುವುದಿಲ್ಲ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಎಂಬ ಪಠ್ಯಕ್ರಮ) ಶಾಲೆಯಾದರೆ ಪ್ರೈಮರಿಯಲ್ಲಿ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ), ಆಮೇಲೆ ಎಂವೈಪಿ (ಮಿಡ್ಲ್ ಇಯರ್ಸ್ ಪ್ರೋಗ್ರಾಂ), ಕೊನೆಗೆ ಡಿಪ್ಲೊಮಾ. ಪಿವೈಪಿಯಲ್ಲಿ ವಿಷಯಗಳನ್ನು ಬೇರೆ ಬೇರೆ ಇಡದೆ ಒಂದು ದೊಡ್ಡ ಪ್ರಶ್ನೆಯ ಸುತ್ತ ಕಲಿಸುತ್ತಾರೆ. ಇದು ಗೊತ್ತಿಲ್ಲದೆ "ಗಣಿತದ ಪುಸ್ತಕ ಎಲ್ಲಿ?" ಅಂತ ವರ್ಷವಿಡೀ ಟೀಚರ್ ತಲೆ ತಿನ್ನುವವರನ್ನು ನೋಡಿದ್ದೇನೆ.

ಇನ್ನೊಂದು, ಮಗುವೇ ನಡೆಸುವ ಸಭೆ. ಸ್ಟೂಡೆಂಟ್ ಲೆಡ್ ಕಾನ್ಫರೆನ್ಸ್ ಅಂತಾರೆ. ಟೀಚರ್ ದೂರ ಕೂತಿರುತ್ತಾರೆ. ಮಗು ತನ್ನ ಫೈಲ್ ತೆಗೆದು ನಿಮಗೆ ತೋರಿಸುತ್ತದೆ. ನನ್ನ ಚಿಕ್ಕವಳು ಒಂದೇ ಕಥೆಯ ಎರಡು ಪ್ರತಿಯನ್ನು ಪಕ್ಕ ಪಕ್ಕ ಇಟ್ಟಳು. ಮೊದಲನೆಯದರಲ್ಲಿ ಪ್ರತಿ ವಾಕ್ಯವೂ "ಆಮೇಲೆ" ಅಂತಲೇ ಶುರು. ಟೀಚರ್ ಪೆನ್ಸಿಲಲ್ಲಿ ಎಲ್ಲಕ್ಕೂ ಸುತ್ತು ಹಾಕಿದ್ದರು. ಎರಡನೆಯದರಲ್ಲಿ ಒಂದೇ ಒಂದು "ಆಮೇಲೆ" ಉಳಿದಿತ್ತು. "ಇದನ್ನ ಬೇಕು ಅಂತಲೇ ಇಟ್ಟಿದ್ದೀನಿ" ಅಂದಳು. ರಿಪೋರ್ಟ್ ಕಾರ್ಡಿನಲ್ಲಿ ಇದು ಬರುವುದಿಲ್ಲ ನೋಡಿ. ಇದಕ್ಕೆ ರಜೆ ಹಾಕಿಯಾದರೂ ಹೋಗಿ.

ಪಿವೈಪಿಯ ಕೊನೆಯ ವರ್ಷದ ಎಕ್ಸಿಬಿಷನ್, ಎಂವೈಪಿ ಕೊನೆಯಲ್ಲಿ ಬರುವ ಪರ್ಸನಲ್ ಪ್ರಾಜೆಕ್ಟ್, ಇವೂ ಹಾಗೆಯೇ. ತಿಂಗಳುಗಟ್ಟಲೆ ಮಾಡಿದ ಕೆಲಸ, ಒಂದು ಸಂಜೆಯಲ್ಲಿ ಮುಗಿದುಹೋಗುತ್ತದೆ.

ಕಾಫಿ ಮಾರ್ನಿಂಗ್ ಅಷ್ಟಕ್ಕಷ್ಟೇ.

ಕ್ಲಾಸ್ ರೆಪ್

ಕೊನೆಯ ಸಾಲಿಗೆ ನನ್ನ ತಕರಾರಿದೆ, ಅದು ಆಮೇಲೆ. ಮೊದಲು ಸುದ್ದಿಯ ಕಾಟಕ್ಕೆ ಮದ್ದು ಹೇಳುತ್ತೇನೆ. ನಮ್ಮ ತರಗತಿಗೆ ಪೋಷಕರ ಪ್ರತಿನಿಧಿ ನಾನು. ಈ ಸುದ್ದಿಗಳನ್ನು ಮುಂದಕ್ಕೆ ತಳ್ಳುವ ಪಾಪದವಳು.

ಬಹಳಷ್ಟು ಶಾಲೆಗಳ ಪೋರ್ಟಲ್‌ನಲ್ಲಿ ಕ್ಯಾಲೆಂಡರಿಗೆ ಒಂದು ಲಿಂಕ್ ಇರುತ್ತದೆ. ಅದನ್ನು ಫೋನಿನ ಕ್ಯಾಲೆಂಡರಿಗೆ ಸೇರಿಸಿದರೆ ಶಾಲೆ ದಿನಾಂಕ ಬದಲಾಯಿಸಿದಾಗ ನಿಮ್ಮಲ್ಲೂ ತಾನಾಗಿ ಬದಲಾಗುತ್ತದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುತ್ತಾರೆ, ಆಮೇಲೆ ಹಳೇ ದಿನಾಂಕಕ್ಕೆ ಬಂದು ಗೇಟಿನಲ್ಲಿ ನಿಲ್ಲುತ್ತಾರೆ. ಮಕ್ಕಳು ಬೇರೆ ಬೇರೆ ವಿಭಾಗದಲ್ಲಿದ್ದರೆ ಎರಡು ಕ್ಯಾಲೆಂಡರ್ ಇರಬಹುದು. ಒಂದೊಂದಕ್ಕೆ ಒಂದೊಂದು ಬಣ್ಣ ಕೊಡಿ.

ಸುದ್ದಿಪತ್ರವನ್ನು ಮೇಲಿಂದ ಓದಬೇಡಿ. ಮೇಲೆ ಪ್ರಿನ್ಸಿಪಾಲರ ಪತ್ರ, ಗೆದ್ದ ತಂಡಗಳ ಫೋಟೋ. ಒಪ್ಪಿಗೆ ಪತ್ರ, ಹೆಸರು ನೋಂದಣಿ, ಕೊನೆಯ ದಿನಾಂಕ, ಇವೆಲ್ಲ ಸಾಮಾನ್ಯವಾಗಿ ತಳದಲ್ಲಿರುತ್ತವೆ. ಆಫ್ಟರ್ ಸ್ಕೂಲ್ ಚಟುವಟಿಕೆಗಳ ನೋಂದಣಿ ತೆರೆಯುವ ದಿನ ಮತ್ತು ಹೊತ್ತನ್ನು ಮಾತ್ರ ಅಲಾರಂ ಇಟ್ಟು ಕಾಯಿರಿ. ರೋಬೋಟಿಕ್ಸ್, ಈಜು, ಹವ್ಯಾಸಿ ನಾಟಕ, ಇವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬಿಹೋಗುತ್ತವೆ.

ವಾಟ್ಸ್ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ. ಅಲ್ಲಿ ಬರುವುದರಲ್ಲಿ ಮುಕ್ಕಾಲು "ನಾಳೆ ಯೂನಿಫಾರ್ಮಾ, ಪಿಇ ಡ್ರೆಸ್ಸಾ?" ಅನ್ನುವ ಪ್ರಶ್ನೆ. ಉತ್ತರ ಮಕ್ಕಳ ಡೈರಿಯಲ್ಲೇ ಇರುತ್ತದೆ. ಶಾಲೆಯ ಅಧಿಕೃತ ಮಾತು ಇಮೇಲ್ ಅಥವಾ ಪೋರ್ಟಲ್‌ನಲ್ಲಿ ಬಂದದ್ದು ಮಾತ್ರ. ಗುಂಪಿನಲ್ಲಿ ಹರಿದಾಡಿದ ಸುದ್ದಿಗೆ ಶಾಲೆ ಹೊಣೆ ಅಲ್ಲ, ನಾನೂ ಅಲ್ಲ.

ಈಗ ಕಾಫಿ ಮಾರ್ನಿಂಗ್. ಅದು ಕಾಡುಹರಟೆಯ ಜಾಗ ಅಂತ ಹೊರಗಿನಿಂದ ಕಾಣುತ್ತದೆ. ಆದರೆ ಕೌನ್ಸೆಲರ್, ನರ್ಸ್, ಗ್ರಂಥಪಾಲಕರು ಒಬ್ಬೊಬ್ಬರಾಗಿ ಬಂದು ಮಾತಾಡುವುದು ಅಲ್ಲೇ. ಹೊಸಬರಿಗೆ ಮೊದಲ ಗೆಳೆಯರು ಸಿಗುವುದೂ ಅಲ್ಲೇ. ಮಗುವಿಗೆ ಹುಷಾರಿಲ್ಲದೆ ನೀವು ಮೀಟಿಂಗಿನಲ್ಲಿ ಸಿಕ್ಕಿಕೊಂಡಾಗ ಕರೆದುಕೊಂಡು ಬರುವವರು ಯಾರು? ಪೋರ್ಟಲ್ ಅಲ್ಲ ತಾನೆ.

ರಾತ್ರಿ ಪಾಳಿಯ ಅಪ್ಪ

ಕಾಫಿ ಮಾರ್ನಿಂಗ್ ಬಗ್ಗೆ ಹೊಗಳಿಕೆ ಓದಿ ನಗು ಬಂತು. ನಮ್ಮ ಶಾಲೆಯಲ್ಲಿ ಅದು ವಾರದ ನಡುವೆ ಬೆಳಿಗ್ಗೆ. ಆ ಹೊತ್ತಿಗೆ ನಾನು ಪಾಳಿ ಮುಗಿಸಿ ಮನೆಗೆ ಬಂದು ಬಿದ್ದಿರುತ್ತೇನೆ. ಹೆಂಡತಿ ಆಫೀಸಿನ ದಾರಿಯಲ್ಲಿ. ಹಾಗಾದರೆ ಯಾರು ಬರಬಹುದು? ಬೆಳಿಗ್ಗೆ ಬಿಡುವು ಇರುವವರು ಮಾತ್ರ. ಆಮೇಲೆ "ಪೋಷಕರ ಅಭಿಪ್ರಾಯ ಕೇಳಿದ್ದೇವೆ" ಅಂತ ಸುದ್ದಿಪತ್ರದಲ್ಲಿ ಬರೆಯುತ್ತಾರೆ. ಯಾವ ಪೋಷಕರ?

ಇನ್ನೊಂದು ಮಾತು. ಒಂದು ಸಲ ರಜೆ ಹಾಕಿ ಹೋಗಿದ್ದೆ. ಕೋಣೆ ತುಂಬ ತಾಯಂದಿರು. ಎಲ್ಲರೂ ಒಳ್ಳೆಯವರೇ. ಆದರೆ ನನ್ನನ್ನು "ಅಮ್ಮ ಬರಲಿಲ್ವಾ?" ಅಂತ ಕೇಳಿದರು. ಇಮೇಲ್ ಕೂಡ ಮೊದಲು ಹೆಂಡತಿಗೇ ಹೋಗುತ್ತದೆ, ಫಾರ್ಮಿನಲ್ಲಿ ನನ್ನ ಹೆಸರು ಮೊದಲು ಬರೆದಿದ್ದರೂ.

ಮೇಷ್ಟ್ರು

ರಾತ್ರಿ ಪಾಳಿಯವರ ಮಾತು ನ್ಯಾಯವಾದದ್ದೇ. ಇಂಥ ಶಾಲೆಯೊಂದರಲ್ಲಿ ಎಂವೈಪಿ ವಿಜ್ಞಾನ ಕಲಿಸುತ್ತೇನೆ. ಒಳಗಿನ ಮಾತು ಸ್ವಲ್ಪ ಹೇಳುತ್ತೇನೆ.

ಸಭೆ ಬೆಳಿಗ್ಗೆ ಇಡುವುದಕ್ಕೆ ಕಾರಣ ಸಿಬ್ಬಂದಿ ಆ ಹೊತ್ತಿಗೆ ಶಾಲೆಯಲ್ಲಿ ಇರುತ್ತಾರೆ ಅನ್ನುವುದು, ಅಷ್ಟೇ. ಅದರ ಹಿಂದೆ ದೊಡ್ಡ ಯೋಚನೆ ಏನೂ ಇಲ್ಲ. ಯಾರಾದರೂ ಕೇಳುವವರೆಗೆ ಬದಲಾಗುವುದೂ ಇಲ್ಲ. ಅದಕ್ಕೇ ಬಾಯಿ ಬಿಟ್ಟು ಕೇಳಬೇಕು. ಗುಂಪಿನಲ್ಲಿ ಗೊಣಗಿದರೆ ಆಡಳಿತಕ್ಕೆ ಕೇಳಿಸುವುದಿಲ್ಲ. ಪೋಷಕರ ಸಮೀಕ್ಷೆ ಬಂದಾಗ ಬರೆಯಿರಿ. ಐಬಿ ಶಾಲೆಗಳಿಗೆ ಐದು ವರ್ಷಕ್ಕೊಮ್ಮೆ ಮೌಲ್ಯಮಾಪನ ಇರುತ್ತದೆ. ಆ ಸಮಯದಲ್ಲಿ ಪೋಷಕರ ಮಾತನ್ನೂ ಕೇಳುತ್ತಾರೆ. ಆಗ ಆಡಳಿತದ ಕಿವಿ ಬಹಳ ಚುರುಕಾಗಿರುತ್ತದೆ, ನಾನು ಕಂಡಿದ್ದೇನೆ.

ಇನ್ನು ಸ್ವಯಂಸೇವೆ ಅಂದರೆ ಶಾಲೆಗೆ ಬಂದು ಮೇಜು ಎಳೆಯುವುದು ಅಂತ ಅಂದುಕೊಳ್ಳಬೇಡಿ. ನಮಗೆ ನಿಜವಾಗಿ ಉಪಯೋಗವಾಗುವುದು ಬೇರೆ. ವೃತ್ತಿ ವಾರದಲ್ಲಿ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ನಿಮ್ಮ ಕೆಲಸದ ಬಗ್ಗೆ ಮಾತಾಡಿ. ನೀವು ರಾತ್ರಿ ಪಾಳಿ ಮಾಡುತ್ತೀರಿ ಅಂದಿರಿ. ಮನುಷ್ಯನ ನಿದ್ದೆ, ದೇಹದ ಗಡಿಯಾರ, ಇದು ನಮ್ಮ ತರಗತಿಗೆ ಹೇಳಿ ಮಾಡಿಸಿದ ವಿಷಯ. ಹದಿಮೂರು ವರ್ಷದವರು ನನ್ನ ಸ್ಲೈಡಿಗಿಂತ ನಿಮ್ಮ ಮಾತನ್ನು ಜಾಸ್ತಿ ಕೇಳುತ್ತಾರೆ.

ಶಾಲೆಯೊಳಗೆ ಮಕ್ಕಳ ಜತೆ ಇರುವ ಸ್ವಯಂಸೇವೆಗೆ ಮುಂಚೆ ಹಿನ್ನೆಲೆ ಪರಿಶೀಲನೆ, ಮಕ್ಕಳ ಸುರಕ್ಷತೆಯ ಚಿಕ್ಕ ತರಬೇತಿ ಇರುತ್ತದೆ. ಪ್ರವಾಸಕ್ಕೆ ಜತೆಗೆ ಬರುವ ಆಸೆ ಇದ್ದರೆ ಇದನ್ನು ವರ್ಷದ ಆರಂಭದಲ್ಲೇ ಮುಗಿಸಿಡಿ. ಹಿಂದಿನ ದಿನ ಕೇಳಿದರೆ ಆಗುವುದಿಲ್ಲ. ಬೇರೆ ಮಕ್ಕಳು ಇರುವ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಯಾರೋ ಒಬ್ಬರು ಹಾಕುತ್ತಾರೆ.

ಹೊಸ ಶಾಲೆಯ ಅಮ್ಮ

ಕ್ಯಾಲೆಂಡರ್ ಲಿಂಕ್ ಸಿಕ್ಕಿತು! ಪೋರ್ಟಲ್‌ನ ಯಾವುದೋ ಮೂಲೆಯಲ್ಲಿತ್ತು. ತುಂಬಾ ಥ್ಯಾಂಕ್ಸ್.

ಈಗ ಇನ್ನೊಂದು ತಲೆನೋವು. ಇಂಟರ್‌ನ್ಯಾಷನಲ್ ಡೇಗೆ ಬಾವುಟದ ಮೆರವಣಿಗೆ ಇದೆಯಂತೆ. ಪ್ರತಿ ಮಗುವೂ "ತನ್ನ ದೇಶದ" ಬಾವುಟ ಹಿಡಿದು, ಆ ದೇಶದ ಉಡುಗೆ ಹಾಕಿ ನಡೆಯಬೇಕು. ನಾನೂ ಗಂಡನೂ ಬೇರೆ ಬೇರೆ ದೇಶದವರು. ಮಗಳು ಹುಟ್ಟಿದ್ದು ಮೂರನೇ ದೇಶದಲ್ಲಿ, ಈಗ ಇರುವುದು ನಾಲ್ಕನೆಯದರಲ್ಲಿ. ಯಾವ ಸಾಲಿನಲ್ಲಿ ನಿಲ್ಲಲಿ ಅಂತ ಕೇಳುತ್ತಾಳೆ. ಫಾರ್ಮಿನಲ್ಲಿ ಒಂದೇ ಖಾನೆ.

ಹಳೇ ವಿದ್ಯಾರ್ಥಿ

ಪೋಷಕ ಅಲ್ಲ ನಾನು, ಇಂಥ ಶಾಲೆಗಳಲ್ಲೇ ಬೆಳೆದವನು. ಇದಕ್ಕೆ ಉತ್ತರಿಸದೆ ಇರಲಾಗಲಿಲ್ಲ.

ಪ್ರತಿ ವರ್ಷ ನಾನು ಪಾಸ್‌ಪೋರ್ಟಿನಲ್ಲಿದ್ದ ದೇಶದ ಬಾವುಟ ಹಿಡಿದೆ. ಆ ದೇಶದಲ್ಲಿ ರಜೆ ಕಳೆದಿದ್ದೆನೇ ಹೊರತು ಬದುಕಿರಲಿಲ್ಲ. ಬಾವುಟ ಹಿಡಿದವನನ್ನು ಎಲ್ಲರೂ ಆ ದೇಶದ ಬಗ್ಗೆ ಕೇಳುತ್ತಾರೆ. ನನಗೆ ಹೇಳಲು ಏನೂ ಇರಲಿಲ್ಲ. ಅಜ್ಜಿ ಮನೆಯ ಹಿತ್ತಲಿನ ಬಗ್ಗೆ ಹೇಳಿ ಮುಗಿಸುತ್ತಿದ್ದೆ.

ನಮ್ಮಂಥವರಿಗೆ ಥರ್ಡ್ ಕಲ್ಚರ್ ಕಿಡ್ಸ್ ಅನ್ನುವ ಹೆಸರು ಕೊಟ್ಟವರು ರೂತ್ ಹಿಲ್ ಯೂಸೀಮ್ ಎಂಬ ಸಮಾಜಶಾಸ್ತ್ರಜ್ಞೆ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳ ಬದುಕನ್ನು ನೋಡುತ್ತಾ ಅವರಿಗೆ ಈ ಯೋಚನೆ ಬಂತು. ಅಪ್ಪ ಅಮ್ಮನ ಸಂಸ್ಕೃತಿ ಒಂದು, ಇರುವ ಊರಿನದು ಇನ್ನೊಂದು. ಇವೆರಡರ ನಡುವೆ, ಊರು ಬಿಟ್ಟು ಬಂದವರೆಲ್ಲ ಸೇರಿ ಕಟ್ಟಿಕೊಳ್ಳುವ ಬದುಕು ಮೂರನೆಯದು. ಮಗು ಬೆಳೆಯುವುದು ಅದರಲ್ಲಿ. ಅಂಥ ಮಗುವಿನ ಊರು ಯಾವುದು ಅಂದರೆ, ನಿಜ ಹೇಳಬೇಕೆಂದರೆ, ಆ ಶಾಲೆಯೇ. ಅದಕ್ಕೆ ಬಾವುಟ ಇಲ್ಲ.

ನಿಮ್ಮ ಮಗಳು ಎರಡು ಬಾವುಟ ಹಿಡಿಯಲಿ. ಮೂರು ಬೇಕಾದರೆ ಮೂರು. ಅಥವಾ ಒಂದೂ ಬೇಡ ಅಂದರೆ ಬಿಡಿ. ಫಾರ್ಮಿನ ಖಾನೆ ಚಿಕ್ಕದಾಯಿತು ಅಂತ ಮಗು ಸಣ್ಣದಾಗಬೇಕಾ?

ಮೆರವಣಿಗೆ ಸಮಿತಿ

ಆ ಮೆರವಣಿಗೆಯನ್ನು ನಡೆಸುವವಳು ನಾನು. ನಿಮ್ಮ ಶಾಲೆಯದಲ್ಲ, ನಮ್ಮ ಶಾಲೆಯದು. ಒಂದು ಕಡೆಯಿಂದ ಹೊಡೆಯುತ್ತಿದ್ದೀರಿ, ಇನ್ನೊಂದು ಕಡೆಯನ್ನೂ ಕೇಳಿ.

ನಮ್ಮಲ್ಲಿ ಕೆಲವು ದೇಶಗಳಿಂದ ಒಂದೇ ಒಂದು ಕುಟುಂಬ ಇದೆ. ವರ್ಷವಿಡೀ ಅವರ ದೇಶದ ಹೆಸರನ್ನು ಯಾರೂ ಎತ್ತುವುದಿಲ್ಲ. ಭೂಪಟದಲ್ಲಿ ತೋರಿಸಿ ಅಂದರೂ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಆ ಒಂದು ದಿನ ಆ ಮಗು ಬಾವುಟ ಹಿಡಿದು ಬಂದಾಗ ಇಡೀ ಜಿಮ್ ಎದ್ದು ಚಪ್ಪಾಳೆ ತಟ್ಟುತ್ತದೆ. ಅದು ಬರೀ ತೋರಿಕೆ ಅನ್ನುವುದಾದರೆ ಅನ್ನಿ. ಆ ಅಪ್ಪ ಅಮ್ಮನ ಮುಖ ನೋಡಿದವರು ಅನ್ನುವುದಿಲ್ಲ.

ದೇಶ ಬಿಟ್ಟು ಓಡಿ ಬಂದ ಕುಟುಂಬಗಳ ವಿಷಯ ಮಾತ್ರ ನನಗೂ ಕಷ್ಟ. ಅಧಿಕೃತ ಬಾವುಟ ಅವರ ಪಾಲಿಗೆ ಗಾಯ ಆಗಿರಬಹುದು. ಈಗ ನಾವು ಮೊದಲೇ ಮನೆಗೆ ಫೋನ್ ಮಾಡಿ ಕೇಳುತ್ತೇವೆ.

ಊರೂರು ಸುತ್ತಿದವರು

ಸಮಿತಿಯವರೇ, ಚಪ್ಪಾಳೆಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಮಾರನೇ ದಿನದ್ದು. ಬಾವುಟ ಗೋದಾಮಿಗೆ ಹೋಯಿತು, ಆ ಮಗುವಿನ ದೇಶ ಮತ್ತೆ ಪಾಠದಲ್ಲಿ ಬರುವುದು ಮುಂದಿನ ವರ್ಷ. ಉಡುಗೆ, ತಿಂಡಿ, ಕುಣಿತ. ಇಷ್ಟಕ್ಕೇ ಒಂದು ಸಂಸ್ಕೃತಿ ಮುಗಿದುಹೋಯಿತಾ?

ನಾವಿದ್ದ ಒಂದು ಶಾಲೆಯಲ್ಲಿ ಮೆರವಣಿಗೆ ತೆಗೆದು ಬೇರೆ ಏನೋ ಮಾಡಿದರು. ಗೋಡೆಯ ಮೇಲೆ ದೊಡ್ಡ ವಿಶ್ವಭೂಪಟ. ಪ್ರತಿ ಮಗುವಿಗೂ ಒಂದು ದಾರದ ಉಂಡೆ, ಕೈತುಂಬ ಪಿನ್ನು. ಹುಟ್ಟಿದ ಊರು, ಅಜ್ಜಿ ತಾತ ಇರುವ ಊರು, ಬಿಟ್ಟು ಬಂದ ಗೆಳೆಯ ಇರುವ ಊರು, ಇವಕ್ಕೆಲ್ಲ ಪಿನ್ನು ಚುಚ್ಚಿ ದಾರ ಕಟ್ಟುವುದು. ಮಧ್ಯಾಹ್ನದ ಹೊತ್ತಿಗೆ ಭೂಪಟವೇ ಕಾಣದಷ್ಟು ದಾರ. ಯಾರೂ "ನಿನ್ನ ದೇಶ ಯಾವುದು" ಅಂತ ಕೇಳಬೇಕಾಗಲಿಲ್ಲ. "ಈ ದಾರ ಯಾಕೆ ಅಲ್ಲಿಗೆ ಹೋಗಿದೆ?" ಅಂತ ಕೇಳಿದರು. ಈ ಪ್ರಶ್ನೆಗೆ ಎಲ್ಲ ಮಕ್ಕಳ ಹತ್ತಿರವೂ ಉತ್ತರ ಇತ್ತು.

ಮೆರವಣಿಗೆ ಸಮಿತಿ

ದಾರದ ಐಡಿಯಾ ಕದಿಯುತ್ತಿದ್ದೇನೆ. ಆದರೆ ಮೆರವಣಿಗೆ ಬಿಡುವುದಿಲ್ಲ. ಬಾವುಟ ಬೇಡದವರಿಗೆ ಶಾಲೆಯ ಬ್ಯಾನರ್ ಹಿಡಿಯುವ ಒಂದು ಸಾಲು ಮಾಡಬಹುದು. ಹಳೇ ವಿದ್ಯಾರ್ಥಿಯವರ ಮಾತಿಗೂ ಅದು ಹೊಂದುತ್ತದೆ, ಅಲ್ವಾ?

ಹಳೇ ವಿದ್ಯಾರ್ಥಿ

ಆ ಸಾಲೇ ಎಲ್ಲಕ್ಕಿಂತ ಉದ್ದ ಆದೀತು, ನೋಡಿಕೊಳ್ಳಿ.

ಭಾಷೆ ಟೀಚರ್

ಇಂಗ್ಲಿಷ್ ಮನೆಭಾಷೆ ಅಲ್ಲದ ಮಕ್ಕಳಿಗೆ ನೆರವು ಕೊಡುವ ವಿಭಾಗದಲ್ಲಿದ್ದೇನೆ. ಬಾವುಟದ ಜಗಳ ಪ್ರತಿ ವರ್ಷ ಇದ್ದದ್ದೇ. ನನಗೆ ಅದಕ್ಕಿಂತ ದೊಡ್ಡದು ಫೆಬ್ರುವರಿ 21. ಅಂದು ಅಂತರರಾಷ್ಟ್ರೀಯ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ನೆನಪಿಗೆ ಆ ದಿನ. ಯುನೆಸ್ಕೊ 1999ರಲ್ಲಿ ಘೋಷಿಸಿತು, 2000ದಿಂದ ಎಲ್ಲ ಕಡೆ ಆಚರಣೆ. ಬಹಳ ಶಾಲೆಗಳಲ್ಲಿ ಅಂದು ಪೋಷಕರು ತರಗತಿಗೆ ಬಂದು ತಮ್ಮ ಭಾಷೆಯಲ್ಲಿ ಕಥೆ ಓದುತ್ತಾರೆ. ಇದಕ್ಕೆ ಕರೆ ಬಂದರೆ ಹಿಂದೆ ಮುಂದೆ ನೋಡದೆ ಹೆಸರು ಕೊಡಿ.

"ಬೇರೆ ಮಕ್ಕಳಿಗೆ ಅರ್ಥ ಆಗಲ್ವಲ್ಲ" ಅಂತ ಕೇಳುವವರಿದ್ದಾರೆ. ಚಿತ್ರ ತೋರಿಸಿ, ದನಿ ಏರಿಳಿಸಿ ಓದಿ. ಮಕ್ಕಳು ಊಹೆ ಮಾಡುತ್ತಾರೆ. ಆ ಭಾಷೆ ಗೊತ್ತಿರುವ ಒಂದು ಮಗು ಉಳಿದವರಿಗೆ ಹೇಳುವವನಾಗುತ್ತಾನೆ. ಇಂಗ್ಲಿಷ್ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗ ಅಂದು ಎಲ್ಲರಿಗಿಂತ ಮುಂದೆ ಕೂತು "ಅಲ್ಲ, ಅದು ನರಿ ಅಲ್ಲ, ತೋಳ" ಅಂತ ಕೂಗಿದ್ದನ್ನು ನಾನು ನೋಡಿದ್ದೇನೆ.

ಸುದ್ದಿಪತ್ರದ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನೀವು ನಿಜವಾಗಿ ಓದಬೇಕಾದ ಸಾಲು "ಮುಂದಿನ ಯೂನಿಟ್", ಅಂದರೆ ತರಗತಿಯಲ್ಲಿ ಮುಂದೆ ಬರುವ ಪಾಠದ ವಿಷಯ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಒಂದು ವ್ಯತ್ಯಾಸ ತೋರಿಸಿಕೊಟ್ಟರು. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಮಕ್ಕಳಿಗೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು. ಮಗು ಪಟಪಟ ಅಂತ ಇಂಗ್ಲಿಷ್ ಮಾತಾಡಿತು ಅಂದ ಕೂಡಲೇ ಮನೆಯಲ್ಲಿ ಮನೆಭಾಷೆ ನಿಲ್ಲಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಯೂನಿಟ್ ನೀರಿನ ಚಕ್ರ ಅಂತಿದ್ದರೆ ಒಗೆದ ಬಟ್ಟೆ ಒಣಗುವುದು ಹೇಗೆ, ಆ ನೀರು ಎಲ್ಲಿ ಹೋಯಿತು, ಮೋಡ ಯಾಕೆ ಬಂತು ಅಂತ ಮನೆಭಾಷೆಯಲ್ಲೇ ಹರಟಿ. ವಿಷಯ ತಲೆಗೆ ಹತ್ತಿದ್ದರೆ ತರಗತಿಯಲ್ಲಿ ಕಲಿಯುವುದು ಬರೀ ಹೊಸ ಪದ. ಇಲ್ಲದಿದ್ದರೆ ಪದವೂ ಹೊಸದು, ವಿಷಯವೂ ಹೊಸದು.

ಇದಕ್ಕೆ ರಜೆ ಬೇಡ, ಕಾಫಿ ಮಾರ್ನಿಂಗೂ ಬೇಡ.

ಡಿಪ್ಲೊಮಾ ಮನೆ

ಇಲ್ಲಿ ಎಲ್ಲರೂ ಚಿಕ್ಕ ಮಕ್ಕಳ ಮಾತೇ ಆಡುತ್ತಿದ್ದೀರಿ. ದೊಡ್ಡವರ ಮನೆಯ ಕಥೆ ಬೇರೆ. ನನ್ನ ಮಗನಿಗೆ ಐಬಿ ಡಿಪ್ಲೊಮಾದ ಕೊನೆಯ ವರ್ಷ. ನಾನು ಶಾಲೆಯ ಗೇಟಿನ ಹತ್ತಿರ ಕಂಡರೂ ಅವನಿಗೆ ಆಗುವುದಿಲ್ಲ.

ಈ ವಯಸ್ಸಿನಲ್ಲಿ ನಮ್ಮ ಕೆಲಸ ದಿನಾಂಕ ತಿಳಿದಿರುವುದು, ಸುಮ್ಮನಿರುವುದು. ಆರು ವಿಷಯ, ಒಂದೊಂದಕ್ಕೆ 7 ಅಂಕ. ಎಕ್ಸ್‌ಟೆಂಡೆಡ್ ಎಸ್ಸೆ (ಸ್ವಂತ ಸಂಶೋಧನೆಯ ದೊಡ್ಡ ಪ್ರಬಂಧ) ಮತ್ತು ಥಿಯರಿ ಆಫ್ ನಾಲೆಜ್ (ಜ್ಞಾನ ಅಂದರೇನು ಅಂತ ವಿಚಾರ ಮಾಡುವ ಪಾಠ) ಸೇರಿ 3. ಒಟ್ಟು 45. ಎಸ್ಸೆ 4000 ಪದದವರೆಗೆ. ಸಿಎಎಸ್‌ಗೆ (ಕ್ರಿಯೇಟಿವಿಟಿ, ಆಕ್ಟಿವಿಟಿ, ಸರ್ವಿಸ್; ಪಾಠದ ಹೊರಗಿನ ಕಲೆ, ಆಟ, ಸೇವೆಯ ಕೆಲಸ) ಅಂಕ ಇಲ್ಲ, ಆದರೆ ಅದು ಮುಗಿಯದಿದ್ದರೆ ಡಿಪ್ಲೊಮಾನೇ ಇಲ್ಲ. ಇದನ್ನು ಮಕ್ಕಳೂ ಮರೆಯುತ್ತಾರೆ, ಪೋಷಕರೂ ಮರೆಯುತ್ತಾರೆ.

ಸುದ್ದಿಪತ್ರದಲ್ಲಿ "ಸೇವಾ ದಿನಕ್ಕೆ ಸ್ವಯಂಸೇವಕರು ಬೇಕು" ಅಂತ ಬಂದಾಗ ಚಿಕ್ಕ ಮಕ್ಕಳ ಪೋಷಕರು ಓದದೆ ಮುಂದೆ ಹೋಗುತ್ತಾರೆ. ಅಲ್ಲಿ ಓಡಾಡುವ ದೊಡ್ಡ ಹುಡುಗರು ಸಿಎಎಸ್‌ಗಾಗಿ ನಿಜವಾದ ಕೆಲಸ ಮಾಡುತ್ತಿರುತ್ತಾರೆ. ಗಿಡ ನೆಡುವುದು, ಚಿಕ್ಕವರಿಗೆ ಓದಿಸುವುದು, ನಾಟಕಕ್ಕೆ ಬೆಳಕು. ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ. ಚಿಕ್ಕವರಿಗೆ ದೊಡ್ಡ ಗೆಳೆಯರು ಸಿಗುತ್ತಾರೆ, ದೊಡ್ಡ ಹುಡುಗರಿಗೆ ಕೆಲಸ ಸಿಗುತ್ತದೆ.

ಮೇ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಆರಂಭದಲ್ಲಿ. ಆ ವಾರಕ್ಕೆ ವಿಮಾನದ ಟಿಕೆಟ್ ಬುಕ್ ಮಾಡಬೇಡಿ. ಫಲಿತಾಂಶದ ಮೇಲೆ ಯೂನಿವರ್ಸಿಟಿಗೆ ಪತ್ರ ಬರೆಯುವುದು, ಮರುಮೌಲ್ಯಮಾಪನ ಕೇಳುವುದು, ಎಲ್ಲಕ್ಕೂ ಶಾಲೆಯ ಸಂಯೋಜಕರ ನೆರವು ಬೇಕು. ರಜೆಯಲ್ಲಿ ಅವರು ಯಾವ ದಿನ ಸಿಗುತ್ತಾರೆ ಅನ್ನುವುದು ವರ್ಷದ ಕೊನೆಯ ಸುದ್ದಿಪತ್ರದಲ್ಲಿ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ.

ಕ್ಲಾಸ್ ರೆಪ್

ವರ್ಷದ ಕೊನೆ ಅಂದಿರಿ, ಇನ್ನೊಂದು ನೆನಪಾಯಿತು. ವಿದಾಯದ ಕೂಟಗಳು. ಇದನ್ನು ಬಿಡಬಹುದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಬಿಡಬಾರದ ಪಟ್ಟಿಯಲ್ಲಿ ಇದೇ ಮೇಲೆ.

ಇಂಥ ಶಾಲೆಗಳಲ್ಲಿ ವರ್ಷ ಮುಗಿಯುವಾಗ ತರಗತಿಯಿಂದ ಯಾರಾದರೂ ಹೊರಟೇ ಹೊರಡುತ್ತಾರೆ. ಒಮ್ಮೊಮ್ಮೆ ಮಗುವಿನ ಹತ್ತಿರದ ಗೆಳೆಯರೆಲ್ಲ ಒಟ್ಟಿಗೆ ಹೋಗುತ್ತಾರೆ. ಹೋಗುವ ಮಗುವಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಉಳಿದ ಮಗುವಿನ ಬಗ್ಗೆ ಯಾರೂ ಇಲ್ಲ. ಹೋದವರಿಗೆ ಹೊಸ ಮನೆ, ಹೊಸ ಶಾಲೆ. ಉಳಿದವರಿಗೆ ಅದೇ ಬೆಂಚು, ಪಕ್ಕದ ಜಾಗ ಖಾಲಿ.

ಥರ್ಡ್ ಕಲ್ಚರ್ ಕಿಡ್ಸ್ ಬಗ್ಗೆ ಪುಸ್ತಕ ಬರೆದ ಡೇವಿಡ್ ಪೊಲಾಕ್ ಅವರು ಊರು ಬಿಡುವವರಿಗೆಂದು ಹೇಳಿದ ರಾಫ್ಟ್ ಅನ್ನುವ ದಾರಿಯನ್ನು ನಮ್ಮ ಕೌನ್ಸೆಲರ್ ಹೇಳಿಕೊಟ್ಟರು. ನಾಲ್ಕು ಕೆಲಸ. ಜಗಳ ಆಡಿದವರ ಜತೆ ರಾಜಿ ಮಾಡಿಕೊಳ್ಳುವುದು. ನೆರವಾದವರಿಗೆ ಬಾಯಿ ಬಿಟ್ಟು ಥ್ಯಾಂಕ್ಸ್ ಹೇಳುವುದು. ಜನಕ್ಕೆ, ಜಾಗಕ್ಕೆ, ಸಾಕುಪ್ರಾಣಿಗೆ, ವಸ್ತುಗಳಿಗೆ ಸರಿಯಾಗಿ ವಿದಾಯ ಹೇಳುವುದು. ಹೋಗುವ ಊರಿನ ಬಗ್ಗೆ ಯೋಚಿಸುವುದು. ಮಕ್ಕಳ ವಿಷಯದಲ್ಲಿ ಮೊದಲನೆಯದೇ ಕಷ್ಟ. ಹೊರಡುವ ಮುಂಚೆ ಬೇಕಂತಲೇ ಜಗಳ ತೆಗೆಯುತ್ತಾರೆ. ಜಗಳವಾಡಿ ಬಿಟ್ಟರೆ ಬಿಡುವುದು ಸುಲಭ ಅಂತ.

ಊರೂರು ಸುತ್ತಿದವರು

ಅಪ್ಪಟ ಸತ್ಯ. ಒಂದು ಸೇರಿಸುತ್ತೇನೆ. ವರ್ಷದ ನಡುವೆ ಹೋಗುವವರಿಗೆ ಯಾವ ಕೂಟವೂ ಇರುವುದಿಲ್ಲ. ಶಾಲೆಯ ವಿದಾಯ ಜೂನ್‌ಗೆ ಅಂತ ನಿಗದಿ. ದಕ್ಷಿಣ ಗೋಳಾರ್ಧದ ಹಲವು ದೇಶಗಳಲ್ಲಿ ಶಾಲಾ ವರ್ಷ ಜನವರಿ ಇಲ್ಲವೇ ಫೆಬ್ರುವರಿಗೆ ಶುರುವಾಗಿ ಡಿಸೆಂಬರಿಗೆ ಮುಗಿಯುತ್ತದೆ. ಅಲ್ಲಿಗೆ ಹೋಗುವವರು, ಅಲ್ಲಿಂದ ಬರುವವರು ಯಾವಾಗಲೂ ತಪ್ಪು ತಿಂಗಳಲ್ಲಿ ಬಂದಿಳಿಯುತ್ತಾರೆ. ಸ್ವಾಗತದ ವಾರ ಆಗಸ್ಟಿನಲ್ಲೇ ಮುಗಿದಿರುತ್ತದೆ. ನಿಮ್ಮ ತರಗತಿಗೆ ಅಂಥ ಮಗು ಬಂದರೆ ಶಾಲೆಗೆ ಕಾಯಬೇಡಿ, ನೀವೇ ಕರೆಯಿರಿ.

ಹೊಸ ಶಾಲೆಯ ಅಮ್ಮ

ನಾವು ಬಂದದ್ದು ಅಕ್ಟೋಬರಿನಲ್ಲಿ! ಈಗ ಗೊತ್ತಾಯಿತು, ನನಗೆ ಯಾಕೆ ಕ್ಯಾಲೆಂಡರ್ ಲಿಂಕ್ ಬಗ್ಗೆ ಯಾರೂ ಹೇಳಲಿಲ್ಲ ಅಂತ.

ಮಗಳು ಬ್ಯಾನರ್ ಸಾಲಿಗೆ ಒಪ್ಪಿದ್ದಾಳೆ, ಆದರೆ ಅದು ನಮ್ಮ ಶಾಲೆಯಲ್ಲಿ ಇನ್ನೂ ಇಲ್ಲ. ಸಮಿತಿಗೆ ಬರೆಯುತ್ತೇನೆ. ಮಾತೃಭಾಷಾ ದಿನಕ್ಕೆ ಕಥೆ ಓದಲು ನನ್ನ ಹೆಸರು ಕೊಟ್ಟಾಯಿತು. ಕಾಫಿ ಮಾರ್ನಿಂಗಿಗೆ ಒಂದು ಸಲ ಹೋಗಿ ನೋಡುತ್ತೇನೆ.

ರಾತ್ರಿ ಪಾಳಿಯ ಅಪ್ಪ

ಮೇಷ್ಟ್ರು ಹೇಳಿದ ನಿದ್ದೆಯ ಪಾಠಕ್ಕೆ ನಾನು ರೆಡಿ. ಮಗನ ಟೀಚರಿಗೆ ಬರೆದಿದ್ದೇನೆ. ಸಭೆಯ ಹೊತ್ತು ಬದಲಾಯಿಸಿ ಅಂತ ಶಾಲೆಗೂ ಬರೆಯಬೇಕು. ದೂರಿನ ಹಾಗೆ ಕಾಣದೆ ಹೇಗೆ ಬರೆಯಲಿ? ನಾನು ಬರೆದರೆ ಸಿಟ್ಟೇ ಜಾಸ್ತಿ ಬರುತ್ತದೆ.

ಕ್ಲಾಸ್ ರೆಪ್

ನಮ್ಮ ಶಾಲೆಯಲ್ಲಿ ನಾವು ಕಳಿಸಿದ್ದು ಇದು. ಇದರಿಂದ ತಿಂಗಳಿಗೊಂದು ಸಂಜೆ ಸಭೆ ಸಿಕ್ಕಿತು. ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ:

"ನಮಸ್ಕಾರ. ಪೋಷಕರ ಸಭೆಗಳಿಗೆ ಬರಲು ನಮಗೆ ಇಷ್ಟ. ನಮ್ಮ ತರಗತಿಯ ಹಲವು ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಬೆಳಗಿನ ಹೊತ್ತು ಬರಲಾಗುತ್ತಿಲ್ಲ. ತಿಂಗಳಿಗೆ ಒಂದು ಸಭೆಯನ್ನು ಸಂಜೆ, ಆನ್‌ಲೈನ್‌ನಲ್ಲಿ ಇಡಲು ಸಾಧ್ಯವೇ? ಕೌನ್ಸೆಲರ್ ಮಾತಾಡುವ ಸಭೆಯನ್ನಾದರೂ ರೆಕಾರ್ಡ್ ಮಾಡಿ ಹಂಚಿದರೆ ತುಂಬ ಉಪಯೋಗ. ಹೆಸರು ಬರೆದುಕೊಳ್ಳುವುದು, ಲಿಂಕ್ ಕಳಿಸುವುದು, ಟಿಪ್ಪಣಿ ತಯಾರಿಸುವುದು, ಈ ಕೆಲಸಗಳನ್ನು ನಾವು ಪೋಷಕರೇ ಮಾಡುತ್ತೇವೆ. ಜತೆಗೆ, ಇಮೇಲ್ ಪಟ್ಟಿಯಲ್ಲಿ ಇಬ್ಬರು ಪೋಷಕರ ವಿಳಾಸವನ್ನೂ ಸೇರಿಸಬೇಕಾಗಿ ಕೋರಿಕೆ."

ಆ ಕೊನೆಯ ಎರಡು ವಾಕ್ಯ ಬಿಡಬೇಡಿ. ಕೆಲಸ ನಾವೇ ಮಾಡುತ್ತೇವೆ ಅಂದಿದ್ದಕ್ಕೆ ಒಪ್ಪಿದರು ಅಂತ ನನ್ನ ಗುಮಾನಿ. ಕೆಳಗೆ ಇಬ್ಬರು ಮೂವರಾದರೂ ಸಹಿ ಹಾಕಿ, ಒಬ್ಬರೇ ಬರೆದರೆ ಕಡತಕ್ಕೆ ಹೋಗುತ್ತದೆ.